ಗಿರಣಿಯ ಗೋಡೆಯನ್ನು ಅಳೆಯುವವರು ಯಾರು?

(ಸೀವುಡ್ಸ್‌ನಲ್ಲಿ ಸೇರಿದ ಕನ್ನಡ ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ಸೀವುಡ್ಸ್‌ನಲ್ಲಿ ನಿಂತು ಬಟ್ಟೆಗಿರಣಿಗಳ ಮಾತನ್ನೆತ್ತುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಇಲ್ಲಿ ಗಿರಣಿಯ ಚಿಮಣಿ ಎದ್ದಿರಲಿಲ್ಲ, ಭೋಂಗಾ ಕೂಗಿರಲಿಲ್ಲ. ಕರಾವೆ, ದಾರಾವೆ ಎಂಬ ಹಳ್ಳಿಗಳ ನೆಲ ಇದು. ೧೯೭೦ರ ಮಾರ್ಚಿನಲ್ಲಿ ಸ್ಥಾಪನೆಯಾದ ಸಿಡ್ಕೋ ನಿಗಮವು ಹಳ್ಳಿಗಳ ನೆಲವನ್ನು ತೆಗೆದುಕೊಂಡು ಹೊಸ ಪಟ್ಟಣವನ್ನು ಎಬ್ಬಿಸಿತು. ಈಗ ರೈಲು ನಿಲ್ದಾಣದ ನೆತ್ತಿಯ ಮೇಲೆಯೇ ಅಂಗಡಿಗಳ ಅರಮನೆ ಕುಳಿತಿದೆ. ಆದರೆ ಈ ಪಟ್ಟಣದ ಮನೆಗಳೊಳಗೆ ಹೊಕ್ಕು ಹಿರಿಯರನ್ನು ಮಾತನಾಡಿಸಿದರೆ ಪರೇಲ, ಲಾಲಬಾಗ, ಕಾಳಾಚೌಕಿ ಎಂಬ ಹೆಸರುಗಳು ಬಾರದೆ ಇರುವುದಿಲ್ಲ. ಗಿರಣಿ ಮುಚ್ಚಿದ ಮೇಲೆ ಚಾಳಿನ ಖೋಲಿ ಬಿಟ್ಟು ಖಾಡಿ ದಾಟಿ ಬಂದವರು ಇಲ್ಲಿದ್ದಾರೆ. ಗಿರಣಿಯ ಗೇಟಿನೆದುರು ಚಹಾ ಹಂಚಿ, ಗಿರಾಕಿ ತಪ್ಪಿದ ಮೇಲೆ ಹೋಟೆಲಿನೊಡನೆಯೇ ಊರು ಬದಲಿಸಿದವರೂ ಇದ್ದಾರೆ. ಗಿರಣಿಗಳು ನಿಂತಿದ್ದ ಊರಿನಲ್ಲಿ ಅವುಗಳನ್ನು ನೆನೆಯುವವರು ಕಡಿಮೆಯಾಗುತ್ತಿದ್ದಾರೆ. ನೆನೆಯಬಲ್ಲವರು ಇಂಥ ಹೊಸ ಪಟ್ಟಣಗಳಲ್ಲಿ ಚೆದುರಿ ಕುಳಿತಿದ್ದಾರೆ. ಆದ್ದರಿಂದ ಈ ಮಾತಿಗೆ ಸೀವುಡ್ಸ್ ಸಲ್ಲದ ಸ್ಥಳವೇನೂ ಅಲ್ಲ.

ವಿಷಯಕ್ಕೆ ಬರೋಣ. ಒಂದು ನಗರದ ಕಾರಖಾನೆ ಕಟ್ಟಡಗಳನ್ನು ಅಳೆದು, ನಕ್ಷೆ ಬರೆದು, ಚಿತ್ರ ತೆಗೆದು, ಅಲ್ಲಿ ದುಡಿದವರ ಬಾಯಿಂದ ಕೇಳಿ ದಾಖಲೆ ಮಾಡಿಡುವುದು ಇಂದು ಒಂದು ವಿದ್ಯೆಯಾಗಿ ಬೆಳೆದಿದೆ. ಈ ವಿದ್ಯೆ ನಮ್ಮಂಥವರಿಗೆ ಏತಕ್ಕೆ ಬೇಕು ಎಂಬುದೇ ಇಂದಿನ ಪ್ರಶ್ನೆ. ನಮ್ಮ ಸಂಘದ ಒಬ್ಬ ಹಿರಿಯರು ಈ ಭಾಷಣದ ಸುದ್ದಿ ಕೇಳಿದೊಡನೆ, "ಆ ಗೋಡೆ ನಮಗೇನು ಅನ್ನ ಹಾಕಿತೆ? ಆ ಸೆಕೆ, ಆ ಧೂಳು, ಆ ಸದ್ದು ಹಾಳಾಗಿ ಹೋಗಲಿ" ಎಂದರು. ಈ ಮಾತಿನಲ್ಲಿ ನ್ಯಾಯವಿದೆ. ಗಿರಣಿಯನ್ನು ದೇವಸ್ಥಾನವೆಂದು ಕೊಂಡಾಡಲು ನಾವು ಬಂದಿಲ್ಲ. ಗೋಡೆಯ ಅಳತೆಗೂ ನಮ್ಮ ಅನ್ನಕ್ಕೂ ಸಂಬಂಧವಿತ್ತೆಂಬುದನ್ನು ಮೊದಲು ತೋರಿಸಿ, ಆಮೇಲೆ ಮುಂದಕ್ಕೆ ಹೋಗುತ್ತೇವೆ.

ಕಾವಸಜಿ ನಾನಾಭಾಯಿ ದಾವರ್ ಎಂಬ ಪಾರಸಿ ವರ್ತಕರು ೧೮೫೪ರಲ್ಲಿ ಕಂಪನಿ ಸ್ಥಾಪಿಸಿ, ತಾಡದೇವದಲ್ಲಿ ೧೮೫೬ರಲ್ಲಿ ಮುಂಬಯಿಯ ಮೊದಲ ಹತ್ತಿ ಗಿರಣಿಯನ್ನು ನಡೆಸತೊಡಗಿದರು. ಅಲ್ಲಿಂದ ಮುಂದೆ ಗಿರಣಗಾಂವ್ ಬೆಳೆದ ಕಥೆ ನಿಮಗೆ ಹೊಸದಲ್ಲ. ೧೯೮೨ರ ಜನವರಿ ೧೮ರಂದು ದತ್ತಾ ಸಾಮಂತರ ಮುಂದಾಳ್ತನದಲ್ಲಿ ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಹೂಡಿದ ಮುಷ್ಕರವೂ, ಆ ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿದ್ದೂ ಹೇಳಬೇಕಾಗಿಲ್ಲ. ಯಂತ್ರಗಳು ನಿಂತವು, ಉಳಿದದ್ದು ನೆಲ. ಊರಿನ ನಟ್ಟನಡುವೆ ಸುಮಾರು ಆರುನೂರು ಎಕರೆ ನೆಲ!

೧೯೯೧ರ ನಗರಾಭಿವೃದ್ಧಿ ನಿಯಮಗಳಲ್ಲಿ ೫೮ನೆಯದಾಗಿ ಒಂದು ನಿಯಮ ಬಂತು. ಗಿರಣಿಯ ನೆಲವನ್ನು ಬೇರೆ ಕೆಲಸಕ್ಕೆ ಬಳಸುವುದಾದರೆ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಊರಿನ ಬಯಲು ಮತ್ತು ತೋಟಗಳಿಗೆ, ಒಂದು ಪಾಲು ಸಾರ್ವಜನಿಕ ಮನೆಗಳಿಗೆ, ಒಂದು ಪಾಲು ಮಾಲಿಕರಿಗೆ ಎಂಬುದು ಅದರ ತಿರುಳು. ೨೦೦೧ರಲ್ಲಿ ಈ ನಿಯಮವನ್ನು ತಿದ್ದಿದರು. ತಿದ್ದಿದ ಮೇಲೆ, ಮೂರು ಪಾಲು ಮಾಡುವುದು ಗಿರಣಿಯ ಆವಾರದಲ್ಲಿ ಖಾಲಿ ಬಿದ್ದಿದ್ದ ನೆಲವನ್ನು ಮಾತ್ರ ಎಂದಾಯಿತು. ಕಟ್ಟಡ ನಿಂತಿದ್ದ ನೆಲ ಪಾಲಿಗೆ ಸೇರಲಿಲ್ಲ. ಕಟ್ಟಡ ಕೆಡವಿ ತೆರವಾದ ನೆಲವೂ ಪಾಲಿಗೆ ಸೇರತಕ್ಕದ್ದು ಎಂದು ಮುಂಬಯಿ ಹೈಕೋರ್ಟು ೨೦೦೫ರ ಅಕ್ಟೋಬರಿನಲ್ಲಿ ಹೇಳಿತು. ೨೦೦೬ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು.

ಈಗ ಗಿರಣಿಯ ಆವಾರವನ್ನು ಕಣ್ಣಮುಂದೆ ತಂದುಕೊಳ್ಳಿ. ಖಾಲಿ ಜಾಗ ಎಷ್ಟಿತ್ತು? ಗೇಟಿನಿಂದ ಹಿಂಗೋಡೆಯವರೆಗೆ ಶೆಡ್ಡಿಗೆ ಶೆಡ್ಡು ತಾಗಿ ನಿಂತಿತ್ತು. ಲಾರಿ ತಿರುಗಲು ಒಂದಿಷ್ಟು ಅಂಗಳ, ನೀರಿನ ಕೊಳ, ಗೋಡೆಯುದ್ದಕ್ಕೆ ಒಂದು ಓಣಿ. ಮಾಡಿನ ಕೆಳಗೆ ಎಷ್ಟು ನೆಲ, ಆಕಾಶದ ಕೆಳಗೆ ಎಷ್ಟು ನೆಲ ಎಂಬ ಒಂದು ಅಳತೆಯ ಮೇಲೆ ಸಾವಿರಾರು ಮನೆಗಳ ಲೆಕ್ಕ ನಿಂತಿತು. ಆ ಅಳತೆಯ ನಕ್ಷೆಗಳು ಮಾಲಿಕರಲ್ಲಿದ್ದವು, ಕಚೇರಿಗಳಲ್ಲಿದ್ದವು, ವಕೀಲರ ಕಡತಗಳಲ್ಲಿದ್ದವು. ಮೂವತ್ತು ವರ್ಷ ಅದೇ ನೆಲವನ್ನು ತುಳಿದ ಕೆಲಸಗಾರನ ಮನೆಯಲ್ಲಿ ಅದರ ಒಂದು ಚೂರೂ ಇರಲಿಲ್ಲ. ಇದ್ದಿದ್ದರೆ ತೀರ್ಪು ಬೇರೆಯಾಗುತ್ತಿತ್ತೆಂದು ನಾವು ಹೇಳುವುದಿಲ್ಲ. ಕೋರ್ಟು ನೋಡಿದ್ದು ನಿಯಮದ ಅರ್ಥವನ್ನು. ಆದರೆ ಊರಿನ ಅಷ್ಟು ದೊಡ್ಡ ಲೇವಾದೇವಿಯಲ್ಲಿ ನಮ್ಮವರು ಘೋಷಣೆ ಹಿಡಿದು ನಿಂತರೇ ಹೊರತು ನಕ್ಷೆ ಹಿಡಿದು ನಿಲ್ಲಲಿಲ್ಲ. ಪಗಾರ ಚೀಟಿಯನ್ನು ಜೋಪಾನವಾಗಿಡುವುದನ್ನು ನಾವು ಕಲಿತೆವು. ಪಗಾರ ಕೊಟ್ಟ ಜಾಗದ ಚಿತ್ರವನ್ನು ಇಟ್ಟುಕೊಳ್ಳುವುದನ್ನು ಯಾರೂ ನಮಗೆ ಕಲಿಸಲಿಲ್ಲ.

ಇನ್ನು ಕಟ್ಟಡವನ್ನು ಓದುವ ಬಗೆ. ಗಿರಣಿಯ ಕಟ್ಟಡದಲ್ಲಿ ಕಾರಣವಿಲ್ಲದೆ ಇಟ್ಟ ಕಲ್ಲು ಕಡಿಮೆ. ನೇಯ್ಗೆಯ ಶೆಡ್ಡಿನ ಮಾಡು ಗರಗಸದ ಹಲ್ಲಿನಂತೆ ಏಕಿತ್ತು? ಒಂದು ಮಗ್ಗುಲು ಓರೆಯಾಗಿ ಹೆಂಚು ಅಥವಾ ತಗಡು. ಇನ್ನೊಂದು ಮಗ್ಗುಲು ಕಡಿದಾಗಿ ಗಾಜು. ಆ ಗಾಜು ಉತ್ತರಕ್ಕೆ ಮುಖಮಾಡಿರುತ್ತಿತ್ತು. ನಮ್ಮ ಭಾಗದಲ್ಲಿ ಸೂರ್ಯ ವರ್ಷದ ಬಹುಕಾಲ ದಕ್ಷಿಣಕ್ಕೆ ವಾಲಿರುವುದರಿಂದ ಉತ್ತರದ ಗಾಜಿನಿಂದ ಬೆಳಕು ಬರುತ್ತದೆ, ಬಿಸಿಲು ಬರುವುದಿಲ್ಲ. ನೂಲು ಹರಿದದ್ದು ಕಾಣಲು ನೆರಳಿಲ್ಲದ ಬೆಳಕೇ ಬೇಕು. ಈ ಮಾಡಿನ ಪದ್ಧತಿ ಬಂದದ್ದು ಇಂಗ್ಲೆಂಡಿನಿಂದ; ಲಂಕಾಶೈರಿನಲ್ಲಿ ಸೂರ್ಯ ಎಂದೂ ನೆತ್ತಿಗೆ ಬರುವುದಿಲ್ಲ. ಮುಂಬಯಿ ಇರುವುದು ೧೯ ಡಿಗ್ರಿಯಲ್ಲಿ. ಮೇ ತಿಂಗಳ ನಡುವಿನಿಂದ ಜುಲೈ ಕೊನೆಯವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ. ಮಳೆ ಇನ್ನೂ ಹಿಡಿಯದ ಮೇ ಕೊನೆಯ ದಿನಗಳಲ್ಲಿ ಆ ಗಾಜಿನ ಕೆಳಗೆ ಮಗ್ಗ ನಡೆಸಿದವರಿಗೆ ಇದನ್ನು ಪಂಚಾಂಗ ನೋಡಿ ತಿಳಿಸಬೇಕಾಗಿಲ್ಲ. ಬೇರೊಂದು ದೇಶದ ಆಕಾಶಕ್ಕೆ ಹೊಲಿದ ಅಂಗಿಯನ್ನು ನಾವು ತೊಟ್ಟಿದ್ದೆವು. ಬಹುಮಟ್ಟಿಗೆ ಹೊಂದಿತು, ಎರಡು ತಿಂಗಳು ಬಿಗಿಯಿತು.

ನೂಲುವ ಖಾತೆ ಮೂರು ನಾಲ್ಕು ಮಾಳಿಗೆಯದು, ನೇಯುವ ಖಾತೆ ಸಾಮಾನ್ಯವಾಗಿ ನೆಲದ ಮೇಲೆಯೇ. ಇದಕ್ಕೂ ಕಾರಣವುಂಟು. ಮಗ್ಗದ ಹೊಡೆತಕ್ಕೆ ಮಾಳಿಗೆ ಅದುರುತ್ತದೆ. ಸಾವಿರ ಮಗ್ಗ ಒಟ್ಟಿಗೆ ಹೊಡೆದರೆ ಭೂಮಿಯೇ ಅದನ್ನು ತಾಳಿಕೊಳ್ಳಬೇಕು. ನೂಲುವ ಯಂತ್ರಗಳನ್ನಾದರೆ ಒಂದರ ಮೇಲೊಂದು ಅಂತಸ್ತಿನಲ್ಲಿಟ್ಟು ಒಂದೇ ಉಗಿಯಂತ್ರದಿಂದ ನಡೆಸಬಹುದಾಗಿತ್ತು. ಉಗಿಯಂತ್ರದ ದೊಡ್ಡ ಚಕ್ರದಿಂದ ಹಗ್ಗಗಳು ಒಂದು ಇಕ್ಕಟ್ಟಾದ ಎತ್ತರದ ಕೋಣೆಯೊಳಗೆ ಮೇಲೇರಿ, ಪ್ರತಿ ಮಾಳಿಗೆಯ ಶಾಫ್ಟನ್ನು ತಿರುಗಿಸುತ್ತಿದ್ದವು. ಶಾಫ್ಟಿನಿಂದ ಪಟ್ಟಾ, ಪಟ್ಟಾದಿಂದ ಯಂತ್ರ. ೧೯೧೫ರಲ್ಲಿ ಖೋಪೋಲಿಯಿಂದ ಟಾಟಾ ಜಲವಿದ್ಯುತ್ತು ಮುಂಬಯಿಗೆ ಬಂದ ಮೇಲೆ ಈ ಏರ್ಪಾಡು ಕ್ರಮೇಣ ಹಿಂದೆ ಸರಿಯಿತು, ಮೋಟಾರುಗಳು ಬಂದವು. ಆದರೆ ಹಗ್ಗದ ಕೋಣೆ ಕಟ್ಟಡದ ಮೈಯಲ್ಲಿ ಉಳಿಯುತ್ತದೆ. ಕಿಟಕಿಯಿಲ್ಲದ, ಮೆಟ್ಟಿಲಿಲ್ಲದ, ನೆಲದಿಂದ ಮಾಡಿನವರೆಗೆ ಸೀಳಿದಂಥ ಒಂದು ಕೋಣೆಯನ್ನು ಹಳೆಯ ಗಿರಣಿಯಲ್ಲಿ ಕಂಡರೆ, ಅಲ್ಲಿ ಒಂದು ಕಾಲಕ್ಕೆ ಉಗಿಯಂತ್ರದ ಹಗ್ಗ ಓಡಿತ್ತೆಂದು ತಿಳಿಯಬಹುದು.

ಬ್ಲೋ ರೂಮನ್ನು ಮುಖ್ಯ ಕಟ್ಟಡದಿಂದ ಬೇರೆಯಾಗಿಯೋ ಕಬ್ಬಿಣದ ಬಾಗಿಲಿನ ಆಚೆಗೋ ಇಡುತ್ತಿದ್ದರು. ಹತ್ತಿಯ ಧೂಳಿಗೆ ಬೆಂಕಿ ಬೇಗ ಹತ್ತುತ್ತದೆ. ಮೆಟ್ಟಿಲ ಗೋಪುರದ ತಲೆಯ ಮೇಲಿನ ನೀರಿನ ಟಾಕಿಯೂ ಬೆಂಕಿಗಾಗಿಯೇ. ಅಂಗಳದ ಕೊಳ ಉಗಿಯನ್ನು ತಣಿಸಿ ಮತ್ತೆ ನೀರಾಗಿಸುವುದಕ್ಕೆ. ಹತ್ತಿಯನ್ನೂ ಕಟ್ಟಡವನ್ನೂ ಕಾಪಾಡಲು ಇಷ್ಟೆಲ್ಲ ಯೋಚಿಸಿದ್ದರು. ಅದೇ ಧೂಳು ಮನುಷ್ಯನ ಎದೆಗೆ ಇಳಿಯುವುದನ್ನು ತಡೆಯಲು ಗೋಡೆಯಲ್ಲಿ ಏನು ಏರ್ಪಾಡಿತ್ತು? ಬ್ಲೋ ರೂಮು, ಕಾರ್ಡಿಂಗ್ ಖಾತೆಗಳಲ್ಲಿ ದುಡಿದವರಿಗೆ ವಾರದ ರಜೆ ಕಳೆದು ಕೆಲಸಕ್ಕೆ ಬಂದ ದಿನ ಎದೆ ಬಿಗಿದುಕೊಳ್ಳುತ್ತಿತ್ತು. ಹತ್ತಿ ಧೂಳಿನ ಈ ರೋಗಕ್ಕೆ ವೈದ್ಯರು ಬಿಸಿನೋಸಿಸ್ ಎಂದು ಹೆಸರಿಟ್ಟಿದ್ದಾರೆ. ನೂಲು ಹರಿಯದಿರಲೆಂದು ಗಾಳಿಯಲ್ಲಿ ತೇವ ಬೇಕು. ಆದ್ದರಿಂದ ಶೆಡ್ಡಿನ ಕಿಟಕಿಗಳನ್ನು ಮುಚ್ಚಿ ಒಳಗೆ ತೇವ ಹಾಯಿಸುತ್ತಿದ್ದರು. ಹಾಗಾಗಿ ಒಂದು ಶೆಡ್ಡಿನ ನಕ್ಷೆಯಲ್ಲಿ ಕಿಟಕಿ ಎಲ್ಲಿದೆ ಎಂದು ಬರೆದರೆ ಅರ್ಧ ಬರೆದಂತೆ. ಆ ಕಿಟಕಿ ತೆರೆದಿರುತ್ತಿತ್ತೆ ಎಂಬುದನ್ನು ಬರೆದಾಗ ಪೂರ್ತಿಯಾಗುತ್ತದೆ. ಈ ಎರಡನೆಯದನ್ನು ಹೇಳಬಲ್ಲವನು ಒಳಗೆ ನಿಂತವನೊಬ್ಬನೆ.

ಕಾನೂನೂ ಇಟ್ಟಿಗೆಯಲ್ಲಿ ಓದಲು ಸಿಕ್ಕುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗಿರಣಿಗಳಿಗೆ ವಿದ್ಯುದ್ದೀಪ ಬಂದಾಗ ದಿನದ ದುಡಿಮೆ ಕತ್ತಲೆಗೂ ಚಾಚಿತು. ಬಟ್ಟೆಗಿರಣಿಯ ಗಂಡಸರಿಗೆ ದಿನಕ್ಕೆ ೧೨ ಗಂಟೆಯ ಮಿತಿ ಬರಲು ೧೯೧೧ರ ಕಾಯಿದೆಯೇ ಬೇಕಾಯಿತು. ೧೯೪೮ರ ಕಾರಖಾನೆ ಕಾಯಿದೆಯಲ್ಲಿ ೨೫೦ಕ್ಕಿಂತ ಹೆಚ್ಚು ಕೆಲಸಗಾರರಿದ್ದಲ್ಲಿ ಕ್ಯಾಂಟೀನು ಇರಬೇಕೆಂಬ ಕಲಮು ಸೇರಿತು. ಹಳೆಯ ಕಲ್ಲುಕಟ್ಟಡದ ಮಗ್ಗುಲಿಗೆ ಆಮೇಲೆ ಅಂಟಿಸಿದಂಥ ಸಾದಾ ಕಾಂಕ್ರೀಟಿನ ಕ್ಯಾಂಟೀನನ್ನೋ ಕೂಸಿನ ಕೋಣೆಯನ್ನೋ ಕಂಡರೆ, ಅಂದವಿಲ್ಲವೆಂದು ಕ್ಯಾಮರಾ ತಿರುಗಿಸಿ ಬಿಡಬೇಡಿ. ಗಿರಣಿಯ ಆವಾರದಲ್ಲಿ ನಮ್ಮವರ ಹೋರಾಟದಿಂದ ಎದ್ದ ಕಟ್ಟಡ ಯಾವುದೆಂದರೆ ಹೆಚ್ಚಾಗಿ ಅದೇ.

ಈ ಕೆಲಸಕ್ಕೆ ಯಾರೂ ಕೈಹಾಕಿಲ್ಲವೆಂದರೆ ಅನ್ಯಾಯವಾದೀತು. ನೀರಾ ಆಡಾರ್ಕರ್ ಮತ್ತು ಮೀನಾ ಮೆನನ್ ಇಬ್ಬರೂ ಗಿರಣಗಾಂವಿನ ಕೆಲಸಗಾರರನ್ನೂ ಹೆಂಗಸರನ್ನೂ ಮಾತನಾಡಿಸಿ, ನೂರು ವರ್ಷದ ಕಥೆಯನ್ನು ನೂರು ದನಿಗಳಲ್ಲಿ ಹೇಳುವ ದೊಡ್ಡ ಪುಸ್ತಕವನ್ನು ೨೦೦೪ರಲ್ಲಿ ಹೊರತಂದರು. ಇವರಲ್ಲಿ ಆಡಾರ್ಕರ್ ಅವರು ಕಟ್ಟಡಶಿಲ್ಪಿ. ಚಾಳುಗಳ ಮೇಲೂ ಒಂದು ಗ್ರಂಥವನ್ನು ೨೦೧೧ರಲ್ಲಿ ಸಂಪಾದಿಸಿದ್ದಾರೆ. ೧೯೯೬ರಲ್ಲಿ ಗಿರಣಿ ನೆಲಗಳನ್ನು ನೋಡಲು ನೇಮಿಸಿದ ಮಂಡಲಿಗೆ ಚಾರ್ಲ್ಸ್ ಕೊರಿಯಾ ಮುಖ್ಯರಾಗಿದ್ದರು. ಇದೇ ಕೊರಿಯಾ ಅವರು ಪ್ರವೀಣಾ ಮೆಹತಾ, ಶಿರೀಷ ಪಟೇಲ್ ಅವರೊಡನೆ ೧೯೬೫ರಲ್ಲಿ 'ಮಾರ್ಗ್' ಪತ್ರಿಕೆಯಲ್ಲಿ ಖಾಡಿಯಾಚೆ ಹೊಸ ನಗರ ಕಟ್ಟುವ ಯೋಜನೆಯನ್ನು ಮುಂದಿಟ್ಟವರು. ಪಕ್ಕದ ಬೇಲಾಪುರದ ಆರ್ಟಿಸ್ಟ್ಸ್ ವಿಲೇಜಿನ ಮನೆಗಳೂ ಅವರ ಕೈಯವೇ. ನಾವು ಬಿಟ್ಟುಬಂದ ನೆಲಕ್ಕೂ ಬಂದು ನೆಲೆಸಿದ ನೆಲಕ್ಕೂ ಒಬ್ಬನೇ ಶಿಲ್ಪಿ ಗೆರೆ ಎಳೆದದ್ದನ್ನು ನೆನೆದರೆ ಸೋಜಿಗವಾಗುತ್ತದೆ. ಗಿರಣಿ ನೆಲದಲ್ಲಿ ಅವರ ಮಂಡಲಿ ಎಳೆದ ಗೆರೆಗಳು ಕಾಗದದಲ್ಲಿಯೇ ಉಳಿದವು.

ಕಾಳಾಚೌಕಿಯ ಇಂಡಿಯಾ ಯುನೈಟೆಡ್ ಮಿಲ್ಲಿನ ೨ ಮತ್ತು ೩ನೆಯ ಗಿರಣಿಗಳ ನೆಲದಲ್ಲಿ ಜವಳಿ ಸಂಗ್ರಹಾಲಯದ ಯೋಜನೆಯನ್ನು ಮುಂಬಯಿ ಮಹಾನಗರಪಾಲಿಕೆ ಕೈಗೆತ್ತಿಕೊಂಡಿದೆ. ಲೋಅರ್ ಪರೇಲಿನ ಫೀನಿಕ್ಸ್ ಮಿಲ್ಲಿನಲ್ಲಿ ಅಂಗಡಿಗಳ ನಡುವೆ ಚಿಮಣಿಯೊಂದನ್ನು ಉಳಿಸಿಕೊಂಡಿದ್ದಾರೆ. ಆದರೆ ಬರೀ ಚಿಮಣಿ ಉಳಿಸುವುದೆಂದರೆ, ಮನುಷ್ಯನನ್ನು ಕಳುಹಿಸಿ ಅವನ ಟೊಪ್ಪಿಗೆಯನ್ನು ಗೂಟಕ್ಕೆ ಹಾಕಿದಂತೆ. ಬಾಯ್ಲರು ಎಲ್ಲಿತ್ತು, ಕಲ್ಲಿದ್ದಲು ಯಾವ ಬಾಗಿಲಿನಿಂದ ಬರುತ್ತಿತ್ತು, ಬೂದಿ ಹೊತ್ತವರು ಯಾರು ಎಂಬುದನ್ನು ಹೇಳದ ಚಿಮಣಿ ಬರೀ ಎತ್ತರದ ಕಂಬ.

ಶಿಲ್ಪಶಾಲೆಯ ವಿದ್ಯಾರ್ಥಿಗಳು ಅಳೆದು ಬರೆದ ಗಿರಣಿಗಳ ನಕ್ಷೆಗಳು ಅಚ್ಚುಕಟ್ಟಾಗಿರುತ್ತವೆ, ಅದರಲ್ಲಿ ಸಂದೇಹವಿಲ್ಲ. ಅವುಗಳಲ್ಲಿ ಕಾಣದಿರುವುದು ಹೆಸರುಗಳು. ಸಾಚಾ ಖಾತೆ, ಥ್ರಾಸಲ್ ಖಾತೆ, ಮಸ್ಟರು, ಪಾಳಿ ಬಿಟ್ಟಾಗ ಝಡತಿ ಕೊಡುತ್ತಿದ್ದ ಜಾಗ, ಬದಲಿ ಕೆಲಸಗಾರರು ಕಾದು ನಿಲ್ಲುತ್ತಿದ್ದ ಗೋಡೆ—ಇವು ನಕ್ಷೆಯಲ್ಲಿ 'ಶೆಡ್ಡು ನಂಬರು ನಾಲ್ಕು' ಎಂದೋ 'ಕೋಣೆ' ಎಂದೋ ಆಗಿಬಿಡುತ್ತವೆ. ಬದಲಿಯವನು ದಿನವೂ ಬೆಳಗ್ಗೆ ಬಂದು, ಕೆಲಸ ಸಿಕ್ಕೀತೇ ಇಲ್ಲವೇ ಎಂದು ಬೆನ್ನು ಕೊಟ್ಟು ನಿಂತ ಗೋಡೆಗೆ ಶಿಲ್ಪಶಾಸ್ತ್ರದಲ್ಲಿ ಹೆಸರಿಲ್ಲ. ಆದರೆ ನಮ್ಮಲ್ಲಿ ಅನೇಕರ ಯೌವನ ಅಲ್ಲಿಯೇ ಕಳೆಯಿತು.

ಹೊರದೇಶದಲ್ಲಿ ಈ ವಿದ್ಯೆ ಬೆಳೆದ ಬಗೆಯನ್ನು ಎರಡು ಮಾತಿನಲ್ಲಿ ಹೇಳುತ್ತೇವೆ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಮೈಕೆಲ್ ರಿಕ್ಸ್ ಎಂಬವರು ೧೯೫೫ರಲ್ಲಿ ಬರೆದ ಲೇಖನದಿಂದ ಕಾರಖಾನೆಗಳ ಪುರಾತತ್ತ್ವ ಎಂಬ ಹೆಸರು ಇಂಗ್ಲೆಂಡಿನಲ್ಲಿ ಹಬ್ಬಿತು. ಊರೂರಿನ ಹವ್ಯಾಸಿಗಳು ಬಿಡುವಿನ ದಿನಗಳಲ್ಲಿ ಟೇಪು ಹಿಡಿದು ಹೊರಟರು. ಜರ್ಮನಿಯಲ್ಲಿ ಬರ್ನ್ಡ್ ಮತ್ತು ಹಿಲ್ಲಾ ಬೆಚರ್ ದಂಪತಿಗಳು ೧೯೫೯ರಿಂದ ಮುಂದೆ ಹತ್ತಾರು ವರ್ಷ ನೀರಿನ ಗೋಪುರ, ಗಣಿಯ ಗೋಪುರ, ಕುಲುಮೆಗಳ ಚಿತ್ರಗಳನ್ನು ಒಂದೇ ಹದದಲ್ಲಿ ತೆಗೆಯುತ್ತ ಹೋದರು: ಎದುರಿನಿಂದ, ಮೋಡದ ಬೆಳಕಿನಲ್ಲಿ, ನೆರಳಿಲ್ಲದೆ. ಚೆನ್ನಾಗಿ ಕಾಣಲೆಂದಲ್ಲ, ಒಂದನ್ನೊಂದು ಹೋಲಿಸಿ ನೋಡಲೆಂದು. ೨೦೦೩ರಲ್ಲಿ ರಷ್ಯಾದ ನಿಜ್ನಿ ತಾಗಿಲ್ ಎಂಬಲ್ಲಿ ಈ ವಿದ್ಯೆಯವರು ಕೂಡಿ ಒಪ್ಪಿದ ಸನ್ನದಿನಲ್ಲಿ, ದುಡಿದವರ ನೆನಪನ್ನೂ ಕಟ್ಟಡದಂತೆಯೇ ದಾಖಲಿಸಬೇಕೆಂಬ ವಿಚಾರ ಸೇರಿದೆ.

ನಮ್ಮ ನಾಡಿಗೂ ಇದರಲ್ಲಿ ಪಾಲುಂಟು. ಬೆಳಗಾವಿ ಕಡೆಯವರಿಗೆ ಗೋಕಾಕ ಫಾಲ್ಸಿನ ಗಿರಣಿ ಗೊತ್ತು. ಘಟಪ್ರಭೆಯ ಧಬಧಬೆಯ ಮಗ್ಗುಲಲ್ಲಿ ೧೮೮೭ರಲ್ಲಿ ಆರಂಭವಾಯಿತು. ಕಲ್ಲಿದ್ದಲಿನ ಬದಲು ನೀರಿನ ಶಕ್ತಿಗಾಗಿ ಊರಿನಿಂದ ದೂರ ಹೋಗಿ ಬಂಡೆಯ ಅಂಚಿನಲ್ಲಿ ಕುಳಿತ ಗಿರಣಿ ಅದು. ಪರೇಲಿನ ಗಿರಣಿಯ ಪಕ್ಕದಲ್ಲಿಟ್ಟು ನೋಡಿದರೆ ಶಕ್ತಿ ಎಲ್ಲಿಂದ ಬರುತ್ತದೆಂಬುದರ ಮೇಲೆ ಕಟ್ಟಡ ಎಲ್ಲಿ ನಿಲ್ಲುತ್ತದೆಂಬುದು ಹೇಗೆ ಹೊಂದಿಕೊಂಡಿದೆ ಎಂದು ತಿಳಿಯುತ್ತದೆ. ಮಂಗಳೂರು ಕಡೆಯವರು ತಲೆಯೆತ್ತಿ ನೋಡಿದರೆ ಸಾಕು. ೧೮೬೫ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರಖಾನೆ ಹಾಕಿದರು. ನೇತ್ರಾವತಿಯ ಜೇಡಿಯಿಂದ ಸುಟ್ಟ ಹೆಂಚು ಹಡಗೇರಿ ದೇಶದೇಶಕ್ಕೆ ಹೋಯಿತು, ಮುಂಬಯಿಯ ಚಾಳುಗಳ ಮೇಲೂ ಕುಳಿತಿತು. ಊರು ಬಿಟ್ಟು ಬಂದ ಹುಡುಗ ಊರಿನ ಮಣ್ಣಿನ ಕೆಳಗೆಯೇ ಮಲಗುತ್ತಿದ್ದ ಎಂದರೆ ಅತಿಶಯೋಕ್ತಿಯಲ್ಲ. ಹಳೆಯ ಹೆಂಚನ್ನು ಮಗುಚಿ ನೋಡಿ. ಕಾರಖಾನೆಯ ಹೆಸರು ಅಚ್ಚೊತ್ತಿರುತ್ತದೆ. ಉಕ್ಕಿನ ತೊಲೆಗಳ ಮೇಲೂ ಹಾಗೆಯೇ ಡಾರ್ಮನ್ ಲಾಂಗ್ ಮೊದಲಾದ ವಿಲಾಯತಿ ಹೆಸರುಗಳು ಉಬ್ಬಿ ನಿಂತಿರುತ್ತವೆ. ಇವೆಲ್ಲ ಬರೆದುಕೊಳ್ಳತಕ್ಕವು.

ಹೋಟೆಲು ಕೆಲಸದ ಸೋದರರು, ಇದು ಗಿರಣಿಯವರ ಮಾತು, ನಮಗಲ್ಲ ಎಂದು ಭಾವಿಸಬಾರದು. ಗಿರಣಿಯ ಗಡ್ಡಕ್ಕೆ ಕಟ್ಟಿದ ಬದುಕು ನಿಮ್ಮದೂ ಆಗಿತ್ತು. ಪಾಳಿ ಕೂಡುವ ಮೊದಲು ಚಹಾ ಕುದಿಯಬೇಕು, ಪಾಳಿ ಬಿಡುವ ಹೊತ್ತಿಗೆ ತಿಂಡಿ ಸಿದ್ಧವಿರಬೇಕು; ಭೋಂಗಾ ಅವರಿಗೆಷ್ಟೋ ನಿಮಗೂ ಅಷ್ಟೇ ಯಜಮಾನ. ಇನ್ನು ಹೋಟೆಲಿನ ಒಳಮನೆಯೂ ಒಂದು ಕಾರಖಾನೆಯೇ. ಭಟ್ಟಿಯ ಸ್ಥಾನ, ಹೊಗೆ ಹೋಗುವ ದಾರಿ, ರುಬ್ಬುವ ಕಲ್ಲನ್ನು ನೆಲದಲ್ಲಿ ಹೂತ ಜಾಗ, ಮೋರಿ, ದಿನಸಿಯ ಕೋಣೆ, ಗಲ್ಲಾದಿಂದ ಒಳಗೆ ಕಣ್ಣು ಹಾಯಲೆಂದು ಬಿಟ್ಟ ಕಿಂಡಿ, ಅದರ ಮೇಲೆ ಹುಡುಗರು ಮಲಗುತ್ತಿದ್ದ ಅಟ್ಟ—ಇದರ ನಕ್ಷೆಯನ್ನು ಯಾವ ಶಿಲ್ಪಿ ಬರೆದಾನು? ಗಿರಾಕಿಗೆ ಅಡುಗೆಮನೆಯ ಬಾಗಿಲು ತೆರೆಯುವುದಿಲ್ಲ. ಮಾಟುಂಗಾದ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂತೆ, ೧೯೪೨ರಿಂದ ಹೆಸರು ಉಳಿಸಿಕೊಂಡು ಬಂದಂಥವು ಬೆರಳೆಣಿಕೆ. ಉಳಿದವುಗಳಲ್ಲಿ ಭಟ್ಟಿ ಹೋಗಿ ಗ್ಯಾಸ್ ಬಂತು, ಕಲ್ಲು ಹೋಗಿ ಗ್ರೈಂಡರು ಬಂತು, ಎಷ್ಟೋ ಕಡೆ ಹೋಟೆಲೇ ಹೋಗಿ ಮದ್ಯದಂಗಡಿ ಬಂತು. ಅಟ್ಟದ ಎತ್ತರ ಎಷ್ಟಿತ್ತು, ಅದರಲ್ಲಿ ನೆಟ್ಟಗೆ ಕೂಡಲು ಬರುತ್ತಿತ್ತೆ, ಗಾಳಿ ಎಲ್ಲಿಂದ ಬರುತ್ತಿತ್ತು ಎಂಬುದನ್ನು ಇಂಚಿನ ಲೆಕ್ಕದಲ್ಲಿ ಬರೆದಿಡಿರಿ. ರಾತ್ರಿಶಾಲೆಯಿಂದ ಬಂದು ಅದೇ ಅಟ್ಟದಲ್ಲಿ ಓದಿ ಮೇಲೆ ಬಂದವರ ಕಥೆಗಳನ್ನು ಸಮಾರಂಭಗಳಲ್ಲಿ ಬೇಕಾದಷ್ಟು ಕೇಳುತ್ತೇವೆ. ಅಟ್ಟದ ಎತ್ತರವನ್ನು ಮಾತ್ರ ಯಾರೂ ಹೇಳುವುದಿಲ್ಲ.

ಚಾಳುಗಳೂ ಈ ಲೆಕ್ಕಕ್ಕೇ ಸೇರುತ್ತವೆ. ವರಳಿ, ನಾಯಗಾಂವ್, ಲೋಅರ್ ಪರೇಲ, ಶಿವಡಿಗಳಲ್ಲಿ ೧೯೨೦ರ ದಶಕದಲ್ಲಿ ಸರಕಾರದ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಕಟ್ಟಿದ ಬಿಡಿಡಿ ಚಾಳುಗಳು ೨೦೭. ಒಂದೊಂದು ಖೋಲಿ ೧೬೦ ಚದರ ಅಡಿ. ಅವುಗಳನ್ನು ಕೆಡವಿ ಹೊಸ ಮಹಡಿಗಳನ್ನು ಎಬ್ಬಿಸುವ ಕೆಲಸ ನಡೆದಿದೆ. ಇದಕ್ಕೆ ನಾವು ಅಡ್ಡ ಹೇಳುವವರಲ್ಲ. ೧೬೦ ಅಡಿಯಲ್ಲಿ ಬದುಕಿದವನು ಅದನ್ನು ಉಳಿಸಿರೆಂದು ಕೇಳಲಾರ. ಉಳಿಸುವುದು ಬೇರೆ, ದಾಖಲೆ ಮಾಡುವುದು ಬೇರೆ. ಕೆಡವತಕ್ಕದ್ದನ್ನೂ ಅಳೆದು ಕೆಡವಬೇಕು.

ನಾವು ಈಗ ಕುಳಿತಿರುವ ಈ ಸೀಮೆಯಲ್ಲಿ ಏನಿದೆ ಎಂದು ಕೇಳುವಿರಿ. ನಿಮ್ಮಲ್ಲಿ ಬಹುಮಂದಿ ಬಂದ ಹಾರ್ಬರ್ ದಾರಿಯಿಂದಲೇ ಆರಂಭಿಸಬಹುದು. ದೇಶದ ಮೊದಲ ವಿದ್ಯುತ್ ರೈಲು ೧೯೨೫ರ ಫೆಬ್ರವರಿ ೩ರಂದು ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ ಓಡಿದ್ದು ಈ ದಾರಿಯ ಹಳೆಯ ತುಂಡಿನಲ್ಲಿ. ರೈಲಿಗೆ ವಿದ್ಯುತ್ತು ಒದಗಿಸಲು ೧೯೨೯ರಲ್ಲಿ ಡೊಂಬಿವಲಿಯ ಬಳಿಯ ಠಾಕುರ್ಲಿಯಲ್ಲಿ ಚೋಳಾ ಪವರ್ ಹೌಸು ಎದ್ದಿತು. ಈಗ ಅದು ಹಳಬರ ಬಾಯಲ್ಲಿ ಮಾತ್ರ ಉಳಿದಿದೆ. ಕಲ್ಯಾಣದ ಮಗ್ಗುಲ ಮೋಹನೆಯಲ್ಲಿ ನ್ಯಾಷನಲ್ ರೇಯಾನ್ ಕಾರಖಾನೆ ೨೦೦೯ರಲ್ಲಿ ನಿಂತಿತು. ಥಾಣೆಯಲ್ಲಿ ೧೯೨೫ರಿಂದ ನಡೆದ ರೇಮಂಡ್ ಉಣ್ಣೆ ಗಿರಣಿಯ ನೆಲದಲ್ಲಿ ಇಂದು ಮುಗಿಲು ಮುಟ್ಟುವ ಮನೆಗಳು. ಥಾಣೆ-ಬೇಲಾಪುರ ರಸ್ತೆಯ ಇಕ್ಕೆಲದಲ್ಲಿ ೧೯೬೦ರ ದಶಕದಿಂದ ಎದ್ದ ರಾಸಾಯನಿಕ ಮತ್ತು ಯಂತ್ರದ ಕಾರಖಾನೆಗಳ ಜಾಗಕ್ಕೆ ಗಾಜಿನ ಕಚೇರಿಗಳು ಬರುತ್ತಿವೆ. ಈ ಕಾರಖಾನೆಗಳಿಗೆ ಕಲ್ಲಿನ ಕಮಾನಿಲ್ಲ, ಗಡಿಯಾರದ ಗೋಪುರವಿಲ್ಲ. ತಗಡು, ಕಾಂಕ್ರೀಟು, ಕೊಳವೆ. ಆದ್ದರಿಂದ ಇವುಗಳ ಚಿತ್ರ ತೆಗೆಯಲು ಯಾರೂ ಬರುವುದಿಲ್ಲ. ಪರೇಲಿನ ಗಿರಣಿಗಳಿಗಾದರೂ ಅಂದದ ಮಹಿಮೆಯಿಂದ ನಾಲ್ಕು ಜನ ಬಂದರು. ಇವುಗಳಿಗೆ ನಾವೇ ಗತಿ. ನಮ್ಮ ಅಭಿಪ್ರಾಯದಲ್ಲಿ ಕೆಲಸ ತುರ್ತಾಗಿರುವುದು ಇಲ್ಲಿಯೇ, ಮನೆಯಿಂದ ಅರ್ಧಗಂಟೆಯ ದಾರಿಯಲ್ಲಿ.

ಮಾಡುವ ಬಗೆ ಕಷ್ಟದ್ದಲ್ಲ. ಟೇಪು, ದಿಕ್ಸೂಚಿ, ಚೌಕಳಿ ಕಾಗದ, ಪೆನ್ಸಿಲು. ಕ್ಯಾಮರಾ ಈಗ ಎಲ್ಲರ ಕಿಸೆಯಲ್ಲಿದೆ. ಚಿತ್ರ ತೆಗೆಯುವಾಗ ಗೋಡೆಗೆ ಒಂದು ಅಳತೆಯ ಕೋಲನ್ನು ಆನಿಸಿ ನಿಲ್ಲಿಸಿ. ಆಮೇಲೆ ಚಿತ್ರದಿಂದಲೇ ಎತ್ತರ ತಿಳಿಯಬಹುದು. ಚಿಮಣಿಯ ಎತ್ತರಕ್ಕೆ ಏಣಿ ಬೇಡ. ಆರಡಿಯ ಕೋಲನ್ನು ನೆಟ್ಟಗೆ ನಿಲ್ಲಿಸಿ ಅದರ ನೆರಳು ಅಳೆಯಿರಿ. ಅದೇ ಹೊತ್ತಿನಲ್ಲಿ ಚಿಮಣಿಯ ನೆರಳನ್ನೂ ಅಳೆಯಿರಿ. ಕೋಲಿನ ನೆರಳು ನಾಲ್ಕಡಿ, ಚಿಮಣಿಯದು ನೂರಡಿಯಾದರೆ ಚಿಮಣಿ ನೂರೈವತ್ತು ಅಡಿ. ಚಿಮಣಿಯ ನೆರಳನ್ನು ಬುಡದ ಅಂಚಿನಿಂದಲ್ಲ, ನಡುವಿನಿಂದ ಲೆಕ್ಕ ಹಿಡಿಯಬೇಕು. ಅಂದರೆ ಬುಡದ ಅಗಲದ ಅರ್ಧವನ್ನು ಕೂಡಿಸಬೇಕು. ಅಪ್ಪಣೆಯಿಲ್ಲದೆ ಯಾವ ಆವಾರಕ್ಕೂ ನುಗ್ಗತಕ್ಕದ್ದಲ್ಲ. ಪಾಳುಬಿದ್ದ ಮಾಳಿಗೆಯನ್ನಂತೂ ಹತ್ತಲೇಬಾರದು. ರಸ್ತೆಯಲ್ಲಿ ನಿಂತೇ ಅರ್ಧ ಕೆಲಸ ಮಾಡಬಹುದು, ಉಳಿದರ್ಧ ಮನೆಯಲ್ಲಿ ಮುದುಕರ ಮುಂದೆ ಕುಳಿತು.

ಆ ಉಳಿದರ್ಧವೇ ಅವಸರದ್ದು. ೧೯೮೨ರಲ್ಲಿ ಇಪ್ಪತ್ತು ವರ್ಷದವನಾಗಿದ್ದ ಬದಲಿ ಕೆಲಸಗಾರನಿಗೆ ಈಗ ಅರವತ್ತು ದಾಟಿತು. ಅಂದಿನ ಜಾಬರು, ಫಿಟ್ಟರುಗಳಲ್ಲಿ ಎಷ್ಟು ಮಂದಿ ಉಳಿದಿದ್ದಾರೆಂದು ನಿಮ್ಮ ನಿಮ್ಮ ಓಣಿಯಲ್ಲಿ ಎಣಿಸಿಕೊಳ್ಳಿ. ಕಾಗದದ ಬೆಲೆ ನಮಗೆ ಒಮ್ಮೆ ಗೊತ್ತಾಗಿದೆ. ಗಿರಣಿ ಕೆಲಸಗಾರರಿಗೆ ಮನೆ ಹಂಚುವಾಗ ೧೯೮೨ರ ಜನವರಿ ೧ನ್ನು ಗಡುವಿನ ದಿನವಾಗಿ ಹಿಡಿದರು. ಆ ದಿನ ಇಲ್ಲವೇ ಆಮೇಲೆ ಗಿರಣಿಯ ಪಟ್ಟಿಯಲ್ಲಿ ಹೆಸರಿತ್ತೆಂದು ತೋರಿಸಬೇಕಾಯಿತು. ೨೦೧೨ರಲ್ಲಿ ಮ್ಹಾಡಾ ೬,೯೨೫ ಮನೆಗಳಿಗೆ ಚೀಟಿ ಎತ್ತಿತು. ೨೦೧೬ರಲ್ಲಿ ನಮ್ಮ ಸಮೀಪದ ಪನವೇಲಿನ ಕೋನ್‌ನಲ್ಲಿ ೨,೪೦೦ಕ್ಕೂ ಮಿಕ್ಕ ಮನೆಗಳಿಗೆ. ಹಾಜರಿ ಕಾರ್ಡು, ಫಂಡಿನ ಚೀಟಿ, ಇಎಸ್‌ಐ ನಂಬರು ಹುಡುಕಿ ಹಳೆಯ ಟ್ರಂಕುಗಳನ್ನು ತಲೆಕೆಳಗು ಮಾಡಿದ ಮನೆಗಳು ಎಷ್ಟೋ! ಆ ಕಾರ್ಡಿನಲ್ಲಿ ಬರೆದ ಟಿಕೇಟು ನಂಬರೂ ಖಾತೆಯ ಹೆಸರೂ ಈ ನಕ್ಷೆಗೆ ಬೇಕಾದ ಮೊದಲ ಗುರುತು. ಮನೆ ಸಿಕ್ಕಿತೆಂದೋ ಸಿಗಲಿಲ್ಲವೆಂದೋ ಅವನ್ನು ಎಸೆಯಬೇಡಿ. ತಂದು ತೋರಿಸಿ, ಚಿತ್ರ ತೆಗೆದುಕೊಂಡು ಅಲ್ಲಿಯೇ ಹಿಂದಿರುಗಿಸುತ್ತೇವೆ.

ಬಾಗಿಲ ಬಳಿಯ ಮೇಜಿನ ಮೇಲೆ ದೊಡ್ಡ ಹಾಳೆಗಳೂ ಪೆನ್ಸಿಲುಗಳೂ ಇವೆ. ಚಹಾ ಬರುವವರೆಗೆ ಒಂದೊಂದು ಗಿರಣಿಯವರು, ಒಂದೊಂದು ಹೋಟೆಲಿನವರು ಒಟ್ಟಿಗೆ ಕುಳಿತು ನೆನಪಿನಿಂದಲೇ ಬರೆಯತೊಡಗಿರಿ. ಗೆರೆ ಸೊಟ್ಟಗಾದರೆ ಚಿಂತೆಯಿಲ್ಲ. ಗೇಟಿನಿಂದ ಆರಂಭಿಸಿ ನಿಮ್ಮ ಯಂತ್ರದವರೆಗೆ, ಅಥವಾ ಗಲ್ಲಾದಿಂದ ಮೋರಿಯವರೆಗೆ ನಡೆದುಹೋದ ದಾರಿಯನ್ನು ಹಾಕಿ. ತಕರಾರು ಬಂದಲ್ಲಿ ಇಬ್ಬರ ಮಾತನ್ನೂ ಬರೆಯಿರಿ, ಹೆಸರು ಹಾಕಿ. ಕುಡಿಯುವ ನೀರಿನ ನಳ ಎಲ್ಲಿತ್ತು, ಪಾಯಖಾನೆ ಎಷ್ಟು ದೂರವಿತ್ತು ಎಂಬುದನ್ನು ಬಿಡಬೇಡಿ.